ಎಣ್ಣೆ ಮುಟ್ಟಿಸುವ ನ್ಯಾಯ

ಮೊದಲ ಏಟು ಮೀರಾಹುಸೇನನ ಕಿವಿಯ ಮೇಲೆ ಬಿತ್ತು. ಎರಡನೆಯದು ಎಲ್ಲಿ ಬಿತ್ತೆಂದು ತಿಳಿಯುವಷ್ಟರಲ್ಲಿ ಅವನು ಅಕ್ಕಿಗಿರಣಿಯ ಅಂಗಳದಲ್ಲಿ ಬೋರಲು ಬಿದ್ದಿದ್ದ. ಬಾಯಿ ತುಂಬ ಭತ್ತದ ಹೊಟ್ಟು ಸೇರಿಕೊಂಡಿತ್ತು. ಉಗುಳಿದರೆ ಹೊಟ್ಟಿನ ಜೊತೆ ರಕ್ತವೂ ಬಂತು.

"ಎಲ್ಲಿಗಿ ಮಾರಿದೀಲೇ ಎಣ್ಣಿ?" ಎಂದ ಶಂಭುಲಿಂಗಪ್ಪ. ಅವನ ಕೈಯಲ್ಲಿ ಹಳೆಯ ಫ್ಯಾನ್ ಬೆಲ್ಟಿತ್ತು.

"ಮಾರಿಲ್ರೀ ಸಾವ್ಕಾರ್ರೇ. ಎಂಜಿನ್ ತಾನ ಕುಡಿಯಾಕತ್ತದ."

"ಹೊಸಾ ಗಾಡಿ ಎಣ್ಣಿ ಕುಡೀತದಾ? ಅದೇನ್ ಸೇಂದಿ ಅಂಗಡಿ ಗಿರಾಕಿ ಏನ್ಲೇ?"

ಹಮಾಲರಲ್ಲಿ ಒಂದಿಬ್ಬರು ನಕ್ಕರು. ನಗದಿದ್ದರೆ ಬೆಲ್ಟು ತಮ್ಮ ಕಡೆ ತಿರುಗೀತೆಂಬ ಅಂಜಿಕೆ ಅವರಿಗೆ. ಬೆಲ್ಟು ಮತ್ತೆ ಬೀಸಿ ಬಂದು ಬೆನ್ನಿಗೆ ಸುತ್ತಿಕೊಂಡಿತು. ಅಂಗಿ ಹರಿದ ಸಪ್ಪಳ ಮೀರಾಹುಸೇನನಿಗೆ ಮೊದಲು ಕೇಳಿಸಿತು, ಉರಿ ಆಮೇಲೆ ಹತ್ತಿತು. ಅವನು ಕಿರುಚಲಿಲ್ಲ. ಕಿರುಚಿದರೆ ಸಾವ್ಕಾರನಿಗೆ ಇನ್ನಷ್ಟು ಹುರುಪು ಬರುತ್ತದೆಂದು ಮಾನವಿಯಲ್ಲಿ ಯಾರಿಗೆ ಗೊತ್ತಿಲ್ಲ?

ಹೇಳಿ ಕೇಳಿ ಶಂಭುಲಿಂಗಪ್ಪ ಊರಿಗೆಲ್ಲ ದೊಡ್ಡ ಮನುಷ್ಯ. ಬೆಳಿಗ್ಗೆ ಎದ್ದು, ಮೈತುಂಬ ವಿಭೂತಿ ಬಳಿದುಕೊಂಡು, ಲಿಂಗಪೂಜೆ ಮುಗಿಸದೆ ಹನಿ ನೀರು ಕುಡಿದವನಲ್ಲ. ಪೂಜೆ ಮುಗಿಸಿ ಅಂಗಳಕ್ಕೆ ಇಳಿದನೆಂದರೆ ಮಾತ್ರ ಬಾಯಲ್ಲಿ ಬರೀ ಹೊಲಸು ಬೈಗುಳ. ಎಪ್ಪತ್ತೆಂಟರ ದಸರೆಗೆ ಹೈದರಾಬಾದಿನಿಂದ ಹಾಲಿನ ಬಣ್ಣದ ಕಾರು ತರಿಸಿದ. ಆಗ ಮಾನವಿಯಲ್ಲಿ ಸ್ವಂತ ಕಾರು ಇದ್ದವರೇ ಅಪರೂಪ. ಅದರ ಸ್ಟೇರಿಂಗ್ ಹಿಡಿಯಲು ಮೀರಾಹುಸೇನನನ್ನು ಲಾರಿಯಿಂದ ಬಿಡಿಸಿ ಕರೆಸಿಕೊಂಡವನೂ ಅವನೇ. "ನಿನ್ನಂಥ ಕೈ ಈ ಸೀಮಿಯೊಳಗ ಇನ್ನೊಂದಿಲ್ಲ" ಎಂದು ಎಲ್ಲರ ಮುಂದೆ ಹೊಗಳಿದ್ದ. ಹೊಗಳಿದ ಬಾಯಿಯೇ ಈಗ ಕಳ್ಳ ಅನ್ನುತ್ತಿತ್ತು.

ಕಾರು ಬಂದ ಮೊದಲ ಸುಗ್ಗಿಯಲ್ಲೇ ಒಂದು ಘಟನೆ ನಡೆದಿತ್ತು. ಗಿರಣಿ ಹಗಲೂ ರಾತ್ರಿ ಓಡುವ ಕಾಲ ಅದು. ಹೊಟ್ಟಿನ ಧೂಳು ಅಂಗಳದ ತುಂಬ ಮಂಜಿನ ಹಾಗೆ ನಿಂತಿರುತ್ತಿತ್ತು. ಅದರ ನಡುವೆಯೇ ಕಾರಿನ ಠಿಕಾಣಿ. ಒಂದು ದಿನ ದೇವದುರ್ಗದ ದಾರಿಯಲ್ಲಿ ಕಾರು ಕೆಮ್ಮಿ, ಮುಗ್ಗರಿಸಿ ನಿಂತಿತು. ಸಾವ್ಕಾರನೇ ಇಳಿದು ಬಾನೆಟ್ ಎತ್ತಿ, ಏರ್ ಫಿಲ್ಟರಿನ ಮುಚ್ಚಳ ಬಿಚ್ಚಿ ನೋಡಿದ. ಒಳಗಿನ ಜಾಳಿಗೆ ತೌಡು ಹೊಟ್ಟು ಮೆತ್ತಿಕೊಂಡು ಗಾಳಿಯಾಡದ ಹಾಗೆ ಆಗಿತ್ತು. ಅದನ್ನು ಕಿತ್ತು ರಸ್ತೆ ಬದಿಯ ಹೊಲಕ್ಕೆ ಒಗೆದುಬಿಟ್ಟ.

"ಬ್ಯಾಡ್ರೀ ಸಾವ್ಕಾರ್ರೇ, ಅದು ಇರಬೇಕಾಗ್ತದ," ಎಂದಿದ್ದ ಮೀರಾಹುಸೇನ.

"ನಮ್ಮ ಗಿರಣಿ ಎಂಜಿನ್ನಿಗಿ ಎಲ್ಲಿ ಅದಲೇ ಈ ಮಾರಿಬಟ್ಟಿ? ಕಿತ್ತು ಬಿಸಾಕಿ ಎಷ್ಟ್ ವರ್ಷಾತು, ಗುಡುಗುಡು ಅಂತ ಓಡಾಕತ್ತಿಲ್ಲೇನು? ನಿನ್ನ ಮೂಗಿಗಿ ಅರಿವಿ ಕಟ್ಟಿದ್ರ ನೀ ಉಸರಾಡ್ತೀಯಾ?"

ಮಾನವಿಯ ಗಿರಣಿಯವರಿಗೆಲ್ಲ ಅದೇ ಅಭ್ಯಾಸ. ಗಿರಣಿಯ ದೊಡ್ಡ ಎಂಜಿನ್ನು ಎಮ್ಮೆಯಂಥ ನಿಧಾನದ್ದು, ಧೂಳು ತಿಂದೂ ಹೇಗೋ ಬದುಕುತ್ತದೆ. ಕಾರಿನ ಎಂಜಿನ್ನಿಗೆ ಆ ಹೊಟ್ಟೆಯಿಲ್ಲ. ಆದರೆ ಜಾಳಿಗೆ ಕಿತ್ತ ಕೂಡಲೇ ಕಾರು ಹಗುರಾಗಿ ಓಡಿತಲ್ಲ, ಸಾವ್ಕಾರ ಮೀಸೆ ತಿರುವಿದ. ಹೈದರಾಬಾದಿನ ಮೆಕ್ಯಾನಿಕ್ಕಿಗೆ ತಿಳಿಯದ್ದು ತನಗೆ ತಿಳಿಯಿತೆಂದು ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಬೇಸಿಗೆ ಕಳೆಯುವುದರೊಳಗೆ ಕಾರು ಎಣ್ಣೆ ಬೇಡತೊಡಗಿತು. ಮಳೆಗಾಲಕ್ಕೆ ರಾಯಚೂರಿಗೆ ಹೋಗಿ ಬಂದರೆ ಸಾಕು, ಅಳತೆ ಕಡ್ಡಿಯ ತುದಿ ಒಣಗಿರುತ್ತಿತ್ತು. ಮೀರಾಹುಸೇನ ಪ್ರತಿ ಸಲ ಡಬ್ಬಿ ಕೇಳಿದ. ಪ್ರತಿ ಸಲ ಸಾವ್ಕಾರನ ಕಣ್ಣು ಸಣ್ಣಗಾಯಿತು. ಇವತ್ತು ಆ ಸಂಶಯವೆಲ್ಲ ಬೆಲ್ಟಾಗಿ ಬೆನ್ನಿಗೆ ಇಳಿಯುತ್ತಿತ್ತು.

ಮೀರಾಹುಸೇನ ಮೊಣಕಾಲೂರಿ ಎದ್ದ. ಕಿವಿ ಗುಂಯ್ ಅನ್ನುತ್ತಿತ್ತು.

"ಒಂದ್ ಮಾತ್ ಕೇಳ್ರಿ. ಬಾನೆಟ್ಟಿಗಿ ಸರಪಳಿ ಬಿಗೀರಿ. ಕೀಲಿ ಹಾಕಿ ನೀವಾ ಇಟ್ಕೋರಿ. ನೀವಾ ಗಾಡ್ಯಾಗ ಕೂಡ್ರಿ. ದೇವದುರ್ಗ, ಜಾಲಹಳ್ಳಿ ತಿರುಗಿ ಬರೋಣು. ಎಣ್ಣಿ ಇದ್ದಷ್ಟಾ ಇದ್ರ ನನ್ನ ಕೈ ಕಡೀರಿ."

ಶಂಭುಲಿಂಗಪ್ಪನಿಗೆ ಆ ಮಾತು ಹಿಡಿಸಿತು. ಕೈ ಕಡಿಯುವ ಮಾತು ಯಾರೇ ಆಡಲಿ, ಅವನಿಗೆ ಹಿಡಿಸುತ್ತಿತ್ತು.

ಮರುದಿನ ಎಣ್ಣೆಯನ್ನು ಮೇಲಿನ ಗೆರೆಯವರೆಗೆ ತುಂಬಿದರು. ಗೋದಾಮಿನ ಸರಪಳಿ ತಂದು ಬಾನೆಟ್ಟಿಗೆ ಸುತ್ತಿ, ಆನೆ ಗಾತ್ರದ ಬೀಗ ಜಡಿದರು. ಕೀಲಿಯನ್ನು ಸಾವ್ಕಾರ ಕೊರಳ ಶಿವದಾರಕ್ಕೇ ಕಟ್ಟಿಕೊಂಡ. ಮದುವೆ ಹೆಣ್ಣಿಗೆ ಬೇಡಿ ತೊಡಿಸಿದ ಹಾಗೆ ಕಾಣುತ್ತಿದ್ದ ಕಾರು ದೇವದುರ್ಗಕ್ಕೆ ಹೋಯಿತು, ಜಾಲಹಳ್ಳಿಗೆ ಹೋಯಿತು, ತಿರುಗಿ ಗಬ್ಬೂರಿನ ದಾರಿ ಹಿಡಿಯಿತು. ಹಿಂದೆ ನೀಲಿ ಹೊಗೆಯ ಬಾಲ. ಹಿಂದಿನ ಸೀಟಿನಲ್ಲಿ ಕೂತ ಸಾವ್ಕಾರ ಒಮ್ಮೆಯೂ ಹೊರಳಿ ನೋಡಲಿಲ್ಲ, ಮೀರಾಹುಸೇನನ ಕೈಗಳನ್ನೇ ನೋಡುತ್ತಿದ್ದ.

ಗಬ್ಬೂರು ಬಸ್ ಸ್ಟ್ಯಾಂಡಿನ ಹತ್ತಿರ ಎಣ್ಣೆಯ ಕೆಂಪು ದೀಪ ಮಿಣಮಿಣ ಅಂದಿತು. ಸಾವ್ಕಾರ ಇಳಿದು ತಾನೇ ಬೀಗ ತೆಗೆದ, ತಾನೇ ಕಡ್ಡಿ ಎಳೆದ. ಕಡ್ಡಿಯ ತುದಿಯಲ್ಲಿ ಎಣ್ಣೆಯ ಪಸೆ ಮಾತ್ರ ಇತ್ತು. ಬಸ್ಸು ಕಾಯುತ್ತಿದ್ದ ಜನ ಸುತ್ತ ಸೇರಿದರು. ಅವರಿಗೆ ಬೇಕಾದದ್ದು ತಮಾಷೆ.

"ನೋಡಿದ್ರಿಲ್ರೀ," ಎಂದ ಮೀರಾಹುಸೇನ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ತನ್ನ ಮೇಲಿನ ಕಳಂಕ ತೊಳೆದುಹೋಯಿತೆಂದೇ ಅವನು ತಿಳಿದ. ಪಾಪ, ಮನುಷ್ಯನ ಸೊಕ್ಕು ಅವನಿಗಿನ್ನೂ ಪೂರ್ತಿ ತಿಳಿದಿರಲಿಲ್ಲ.

ಅಷ್ಟು ಜನರ ಮುಂದೆ ತಾನು ಸುಳ್ಳಾದದ್ದನ್ನು ಶಂಭುಲಿಂಗಪ್ಪ ಹೇಗೆ ತಡೆದುಕೊಂಡಾನು? ಚಪ್ಪಲಿಗಾಲಿನಿಂದ ಮೀರಾಹುಸೇನನ ಪಕ್ಕೆಗೆ ಒದ್ದ.

"ಕೆಳಗ ತೂತು ಹೊಡದೀಯೇನ್ಲೇ ಹರಾಮ್‌ಖೋರ? ಹೋಗು, ಹುಡುಕು ತೂತು."

ಕಾದ ಎಂಜಿನ್ನಿನ ಕೆಳಗೆ ಅವನನ್ನು ಮಲಗಿಸಿದ. ಮೀರಾಹುಸೇನ ಧೂಳಿನಲ್ಲಿ ತೆವಳಿದ, ಕಾದ ಕೊಳವೆಗೆ ಮೊಣಕೈ ತಾಗಿ ಚರ್ಮ ಸುಲಿಯಿತು. ತೂತು ಇರಲಿಲ್ಲ, ಸೋರಿದ ಗುರುತೂ ಇರಲಿಲ್ಲ. ಹೊರಬರಲು ಅವನು ತಲೆ ಹೊರಗೆ ಹಾಕಿದಾಗಲೆಲ್ಲ ಸಾವ್ಕಾರ ಕಾಲಿನಿಂದ ಒಳಗೆ ನೂಕಿದ. ಬಸ್ಸು ಬಂದು ಜನ ಹತ್ತಿ ಹೋದ ಮೇಲೆಯೇ ಅವನನ್ನು ಹೊರಗೆ ಬಿಟ್ಟದ್ದು.

ಅಲ್ಲೇ ಡಬ್ಬಿ ಎಣ್ಣೆ ಕೊಂಡು ಸುರಿದು ರಾಯಚೂರು ತಲುಪಿದಾಗ ಮಧ್ಯಾಹ್ನದ ಬಿಸಿಲು. ಮೀರಾಹುಸೇನ ಕಾರನ್ನು ದಸ್ತಗೀರ್ ಸಾಬರ ಗ್ಯಾರೇಜಿಗೆ ತಂದು ನಿಲ್ಲಿಸಿದ. ದಸ್ತಗೀರ್ ಸಾಬರು ಅವನ ತಾಯಿಯ ಅಣ್ಣ. ತಂದೆ ಸತ್ತ ಮೇಲೆ ಅವನನ್ನು ಸಾಕಿ, ಸ್ಟೇರಿಂಗ್ ಹಿಡಿಯಲು ಕಲಿಸಿದ ಮುದುಕ. ಮೊಮ್ಮಕ್ಕಳನ್ನು ಕಂಡ ಮೇಲೂ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದೇ ಇದ್ದರು.

ಅವರು ಬಹಳ ಮಾತಾಡುವವರಲ್ಲ. ಎಂಜಿನ್ ಚಾಲೂ ಮಾಡಿಸಿ, ಹೊಗೆಯ ಕೊಳವೆಯ ಬಾಯಿಗೆ ಬಿಳಿ ಅರಿವೆ ಹಿಡಿದರು. ಅರಿವೆಯ ಮೇಲೆ ಎಣ್ಣೆಯ ಚುಕ್ಕೆಗಳು ಬಿದ್ದವು. ಆಮೇಲೆ ಏರ್ ಫಿಲ್ಟರಿನ ಮುಚ್ಚಳ ಎತ್ತಿದರು. ಒಳಗೆ ಬೆರಳಾಡಿಸಿ, ಅಂಟಿದ ಧೂಳನ್ನು ಸಾವ್ಕಾರನ ಮುಂದೆ ಹಿಡಿದರು.

"ಜಾಳಿಗಿ ಎಲ್ಲದರೀ? ಧೂಳು ಹೊಕ್ಕು ಪಿಸ್ಟನ್ ರಿಂಗು ಸವದಾವ. ಎಣ್ಣಿ ಒಳಗ ಹೋಗಿ ಪೆಟ್ರೋಲಿನ ಸಂಗಾಟ ಸುಡಾಕತ್ತದ. ಈ ಹುಡುಗ ಏನೂ ಮಾಡಿಲ್ರೀ. ಜಾಳಿಗಿ ತಗದವ್ರು ಯಾರು, ಅವ್ರನ್ನ ಕೇಳ್ರಿ."

ಶಂಭುಲಿಂಗಪ್ಪನ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ಕೆಂಪಗಾಯಿತು. ಅವನಿಗೆ ಗೊತ್ತಾಯಿತು. ಆ ಗಳಿಗೆಯಲ್ಲೇ ಗೊತ್ತಾಯಿತು, ಮೀರಾಹುಸೇನ ಅದನ್ನು ಅವನ ಕಣ್ಣಲ್ಲಿ ಕಂಡ. ಜಾಳಿಗೆ ಕಿತ್ತು ಒಗೆದ ಕೈ ಯಾವುದೆಂದು ಇಬ್ಬರಿಗೂ ನೆನಪಿತ್ತು. ಅಲ್ಲಿಗೆ ಮಾತು ಮುಗಿಸಿ, ತಪ್ಪಾಯಿತೆಂದು ಒಂದು ಶಬ್ದ ಆಡಿದ್ದರೆ ಎಲ್ಲರೂ ಮನೆಗೆ ಹೋಗಿ ಉಂಡು ಮಲಗುತ್ತಿದ್ದರು.

"ಮಾವ ಅಳಿಯ ಕೂಡಿ ನಂಗ ಟೋಪಿ ಹಾಕ್ತೀರೇನ್ಲೇ?" ಎಂದು ಅವನು ಕೈ ಬೀಸಿದ.

ಏಟು ದಸ್ತಗೀರ್ ಸಾಬರ ಕೆನ್ನೆಗೆ ಬಿತ್ತು. ಮುದುಕನ ಕನ್ನಡಕ ಹಾರಿ ಎಣ್ಣೆ ಮಣ್ಣಿನಲ್ಲಿ ಬಿತ್ತು, ಹಿಂದೆಯೇ ಟೋಪಿಯೂ ಬಿತ್ತು. ಅವರು ಕುಕ್ಕರಗಾಲಲ್ಲಿ ಕೂತು ಕನ್ನಡಕಕ್ಕಾಗಿ ನೆಲ ತಡಕಾಡಿದರು. ತಮ್ಮ ಮುಂದೆಯೇ ಬಿದ್ದದ್ದು ಅವರಿಗೆ ಕಾಣಿಸುತ್ತಿರಲಿಲ್ಲ. ಮೀರಾಹುಸೇನ ಅದನ್ನು ಎತ್ತಿ, ಅಂಗಿಯಿಂದ ಒರೆಸಿ ಅವರ ಕಿವಿಗೆ ಸಿಕ್ಕಿಸಿದ. ಇಲ್ಲಿಯವರೆಗೆ ತಾನು ತಿಂದ ಏಟುಗಳೆಲ್ಲ ಮೈಯ ಮೇಲೆ ಉಳಿದಿದ್ದವು, ಈ ಒಂದು ಏಟು ಮಾತ್ರ ಒಳಗೆ ಇಳಿಯಿತು.

"ನಾಳಿ ಮುಂಜಾನಿ ಎಣ್ಣಿ ಮುಟ್ಟಿಸ್ತೀನಿ," ಎಂದ ಸಾವ್ಕಾರ, ಮಾನವಿಯಲ್ಲಿ ಕಾರಿನಿಂದ ಇಳಿಯುತ್ತ. "ನಿನ್ನ ಕೈ ಸುಡಲಿಲ್ಲಂದ್ರ ನೀ ಸಾಚಾ. ಸುಟ್ರ ಊರ ಬಿಡು."

ಎಣ್ಣೆ ಮುಟ್ಟಿಸುವುದು ಶಂಭುಲಿಂಗಪ್ಪನ ಅಪ್ಪನ ಕಾಲದ ನ್ಯಾಯ. ಗಿರಣಿಯಲ್ಲಿ ಏನಾದರೂ ಕಳುವಾದರೆ ಕಡಾಯಿಯಲ್ಲಿ ಎಣ್ಣೆ ಕಾಯಿಸಿ, ಅದರೊಳಗೆ ಕಬ್ಬಿಣದ ನಟ್ಟು ಹಾಕುತ್ತಿದ್ದರು. ಸಂಶಯ ಇದ್ದವನು ಬರಿಗೈಯಿಂದ ಅದನ್ನು ತೆಗೆಯಬೇಕು. ಕೈ ಸುಟ್ಟರೆ ಕಳ್ಳ, ಸುಡದಿದ್ದರೆ ಸತ್ಯವಂತ. ಕುದಿಯುವ ಎಣ್ಣೆಯಲ್ಲಿ ಸುಡದ ಕೈ ಯಾವ ತಾಯಿ ಹೆತ್ತಿದ್ದಾಳೆ ಎಂದು ಒಬ್ಬನಾದರೂ ಕೇಳಬೇಕಿತ್ತು, ಕೇಳಿರಲಿಲ್ಲ. ಹೆಚ್ಚಿನವರು ಎಣ್ಣೆ ಕಾಯುವುದರೊಳಗೇ ಕದ್ದಿರಲಿ ಬಿಡಲಿ ಕದ್ದೆನೆಂದು ಒಪ್ಪಿಕೊಂಡು ಊರು ಬಿಡುತ್ತಿದ್ದರು. ಹೀಗಾಗಿ ಆ ನ್ಯಾಯ ಒಮ್ಮೆಯೂ ಸೋತಿರಲಿಲ್ಲ.

ಮನೆಯಲ್ಲಿ ಅನ್ವರಿ ಬೇಗಂ ಗಂಡನ ಬೆನ್ನಿಗೆ ಅರಿಸಿನ ಹಚ್ಚುತ್ತ ಬಿಕ್ಕಿದಳು.

"ನಕ್ಕೊ ಜಾವ್ ಜೀ," ಎಂದಳು. ಹೋಗಬೇಡ, ಕೈ ಹೋದರೆ ನೀನು ಯಾವ ಗಾಡಿ ಓಡಿಸುತ್ತೀ ಎಂದು ಕೇಳಿದಳು. ಹೈದರಾಬಾದಿನಲ್ಲಿ ತನ್ನ ಅಣ್ಣ ಇದ್ದಾನೆ, ಸಂಜೆಯ ಬಸ್ಸಿಗೇ ಹೊರಡೋಣ, ಅಲ್ಲಿ ಯಾವುದಾದರೂ ಲಾರಿ ಸಿಕ್ಕೇ ಸಿಗುತ್ತದೆ ಎಂದು ಗಂಟುಮೂಟೆ ಕಟ್ಟಲೂ ಶುರುಮಾಡಿದಳು.

ಮೀರಾಹುಸೇನ ಅವಳ ಕೈ ಹಿಡಿದು ನಿಲ್ಲಿಸಿದ. ತಾನು ಹೋದರೆ ಕದ್ದದ್ದು ಖರೆ ಎಂದಾಗುತ್ತದೆ, ಆ ಹೆಸರು ತನಗಿಂತ ಮೊದಲೇ ಹೈದರಾಬಾದ್ ಮುಟ್ಟುತ್ತದೆ ಎಂದ. ಡ್ರೈವರುಗಳ ಬಾಯಿ ಎಂಥದೆಂದು ಅವನಿಗೆ ಗೊತ್ತು. ಚಹಾದ ಅಂಗಡಿಯಿಂದ ಚಹಾದ ಅಂಗಡಿಗೆ ಹೆಸರು ಓಡುತ್ತದೆ. ಕಳ್ಳನೆಂದು ಹೆಸರಾದವನಿಗೆ ಯಾವ ಮಾಲೀಕನೂ ಚಾವಿ ಕೊಡುವುದಿಲ್ಲ. ಕೈ ಇದ್ದೂ ಹೆಸರು ಹೋದರೆ ಏನು ಮಾಡಲಿ ಎಂದು ಅವನು ಹೆಂಡತಿಯನ್ನು ಕೇಳಿದ. ಅವಳು ಕಟ್ಟಿದ ಗಂಟನ್ನು ಬಿಚ್ಚಿ, ರೊಟ್ಟಿ ತಟ್ಟಲು ಕೂತಳು.

ಬೆಳಿಗ್ಗೆ ಗಿರಣಿಯ ಬೆಲ್ಟುಗಳೆಲ್ಲ ನಿಂತಿದ್ದವು. ಅಷ್ಟು ಸದ್ದಿಲ್ಲದ ಅಂಗಳವನ್ನು ಮೀರಾಹುಸೇನ ಎಂದೂ ಕಂಡಿರಲಿಲ್ಲ. ಹಮಾಲರು, ಅಕ್ಕಿ ಕೇರುವ ಹೆಂಗಸರು, ಪಕ್ಕದ ಗಿರಣಿಯವರು ಎಲ್ಲ ಬಂದು ನಿಂತಿದ್ದರು. ಸಾವ್ಕಾರ ಕಾರಿನ ಎಂಜಿನ್ನಿನ ಕೆಳಗಿನ ಬೋಲ್ಟು ಬಿಚ್ಚಿಸಿ, ಎಣ್ಣೆಯೆಲ್ಲ ಕಡಾಯಿಗೆ ಬಸಿಸಿದ.

"ಕದ್ದಿದ್ದು ಇದಾ ಎಣ್ಣಿ. ಇದಾ ಸಾಕ್ಷಿ ಹೇಳಲಿ," ಎಂದ.

ಒಲೆ ಹೊತ್ತಿಸುವ ಕೆಲಸ ಗೋಪಮ್ಮನ ಪಾಲಿಗೆ ಬಂತು. ಗಿರಣಿಯಲ್ಲಿ ಕಸ ಹೊಡೆಯುವ ವಿಧವೆ ಅವಳು. ಎಡಗೈಯಿಂದಲೇ ಹೊಟ್ಟು ತುಂಬಿ, ಎಡಗೈಯಿಂದಲೇ ಕಡ್ಡಿ ಗೀರಿದಳು. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಈ ಸಾವ್ಕಾರನ ಅಪ್ಪ, ನುಚ್ಚು ಕದ್ದಳೆಂದು ಅವಳಿಗೆ ಎಣ್ಣೆ ಮುಟ್ಟಿಸಿದ್ದ. ಅವಳಾಗ ಹೊಸ ಮದುಮಗಳು. ಅಂದಿನಿಂದ ಅವಳನ್ನು ಕಳ್ಳ ಗೋಪಿ ಎಂದೇ ಕರೆಯುತ್ತಿದ್ದರು, ಅವಳೂ ಆ ಹೆಸರಿಗೆ ಓ ಅನ್ನುತ್ತಿದ್ದಳು.

ಎಣ್ಣೆ ಕಾಯಿತು. ಕಪ್ಪು ಎಣ್ಣೆಯ ಮೇಲೆ ಹೊಗೆ ಎದ್ದು, ಸುಟ್ಟ ರಬ್ಬರಿನ ವಾಸನೆ ಅಂಗಳ ತುಂಬಿತು. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮೀರಾಹುಸೇನನಿಗೆ ಹೆದರಿಕೆ ಇರಲಿಲ್ಲವೆಂದು ಯಾರಾದರೂ ಹೇಳಿದರೆ ಅದು ಸುಳ್ಳು. ಅವನಿಗೆ ಪ್ರಾಣ ಹೋಗುವಷ್ಟು ಹೆದರಿಕೆಯಾಗಿತ್ತು.

"ಒಪ್ಕೋತೀಯಾ?" ಎಂದ ಸಾವ್ಕಾರ.

"ಇಲ್ರೀ. ಆದ್ರ ಒಂದ್ ಮಾತು. ಬಾನೆಟ್ ಕೀಲಿ ಯಾರ ಕೊಳ್ಳಾಗ ಇತ್ತು?"

"ನನ್ನ ಕೊಳ್ಳಾಗ."

"ಕೀಲಿ ನಿಮ್ಮ ಕೊಳ್ಳಾಗ ಇದ್ದಾಗ ಎಣ್ಣಿ ಹೋಗ್ಯಾದ. ಹಂಗಾದ್ರ ಸಂಶಯ ಇಬ್ಬರ ಮ್ಯಾಲೂ ಅದಲ್ರೀ. ನ್ಯಾಯ ಅಂದ್ಮ್ಯಾಲ ಇಬ್ಬರೂ ಮುಟ್ಟಬೇಕು."

ಫ್ಯಾನ್ ಬೆಲ್ಟು ಮೀರಾಹುಸೇನನ ಮುಖದ ಅಡ್ಡಕ್ಕೆ ಬಿತ್ತು. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ಇಬ್ಬರು ಹಮಾಲರು ಅವನ ರಟ್ಟೆ ಹಿಡಿದು ಕಡಾಯಿಯ ಮುಂದೆ ಎಳೆದು ತಂದರು. ಮೊನ್ನೆಯವರೆಗೆ ಅವನ ಜೊತೆ ಬೀಡಿ ಹಂಚಿಕೊಂಡವರೇ.

"ಬಿಡ್ರಿ ಅಣ್ಣಾ. ನಾನಾ ಮುಟ್ತೀನಿ. ಓಡಿ ಹೋಗೋದಿದ್ರ ನಿನ್ನಿನಾ ಹೋಗ್ತಿದ್ದೆ," ಎಂದ ಮೀರಾಹುಸೇನ.

ಅವರು ಬಿಟ್ಟರು. ಅವನು ಬಲತೋಳಿನ ಅಂಗಿ ಮಡಚಿದ. ಶಂಭುಲಿಂಗಪ್ಪ ನಟ್ಟು ಹಿಡಿದು ಕಡಾಯಿಯ ಆಚೆ ಬದಿಗೆ ನಿಂತ. ಎಣ್ಣೆ ತನ್ನ ಮೇಲೆ ಸಿಡಿಯದಿರಲೆಂದು ಬಗ್ಗಿ, ಕೈಯನ್ನು ಎಣ್ಣೆಯ ಹತ್ತಿರಕ್ಕೆ ಒಯ್ದು, ಮೆಲ್ಲಗೆ ನಟ್ಟು ಬಿಡಲು ಬೆರಳು ಸಡಿಲಿಸಿದ.

ಆಗ ಮೀರಾಹುಸೇನನ ಕೈ ಅವನ ಮಣಿಕಟ್ಟನ್ನು ಹಿಡಿಯಿತು.

ಲಾರಿಯ ಸ್ಟೇರಿಂಗ್ ತಿರುವಿ ತಿರುವಿ ಹದವಾದ ಕೈ ಅದು. ಹಿಡಿದದ್ದು ಬಿಡಿಸಲು ಬರಲಿಲ್ಲ. ಎರಡು ಕೈಯೂ ಕೂಡಿಯೇ ಎಣ್ಣೆಯೊಳಗೆ ಇಳಿದವು, ಮೇಲೆ ಒಂದು, ಕೆಳಗೆ ಒಂದು. ಶಂಭುಲಿಂಗಪ್ಪ ಕೂಗಿದ ಕೂಗು ಸಂತೆಬಜಾರದವರೆಗೆ ಕೇಳಿಸಿತಂತೆ. ಮೀರಾಹುಸೇನನೂ ಕೂಗಿದ, ಆದರೆ ಬಿಡಲಿಲ್ಲ. ಚರ್ಮ ಬೇಯುವ ವಾಸನೆ ಅವನ ಮೂಗಿಗೆ ಬಂತು. ಕಣ್ಣ ಮುಂದೆ ದಸ್ತಗೀರ್ ಮಾಮೂ ಕನ್ನಡಕಕ್ಕಾಗಿ ನೆಲ ತಡಕಾಡುತ್ತಿದ್ದರು. ಸಾವ್ಕಾರ ಕಾಲಿನಿಂದ ಒದ್ದಾಗ ಕಡಾಯಿ ಮಗುಚಿ, ಎಣ್ಣೆಯೆಲ್ಲ ಒಲೆಗೆ ಬಿದ್ದು ಭುಗ್ಗೆಂದು ಹೊತ್ತಿಕೊಂಡಿತು. ಆಗಲೇ ಹಿಡಿತ ಬಿಟ್ಟಿದ್ದು. ಇಬ್ಬರೂ ಹಿಂದಕ್ಕೆ ಉರುಳಿ ಬಿದ್ದರು.

"ಹೊಡೀರಿ ಅವನ್ನ," ಎಂದು ಶಂಭುಲಿಂಗಪ್ಪ ಅರಚಿದ. "ಕೊಲ್ರಿ ಸೂಳಿಮಗನ್ನ."

ಯಾರೂ ಕದಲಲಿಲ್ಲ. ಅವರೆಲ್ಲ ಅವನ ಕೈಯನ್ನು ನೋಡುತ್ತಿದ್ದರು. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಚರ್ಮ ಬಿಳಿಚಿ, ಬೆಂದ ಗೆಣಸಿನ ಸಿಪ್ಪೆಯಂತೆ ಸಡಿಲಾಗಿ ಜೋಲುತ್ತಿತ್ತು. ಮೀರಾಹುಸೇನನ ಕೈಯೂ ಹಾಗೇ ಇತ್ತು. ಎರಡರಲ್ಲಿ ಯಾವುದು ಸಾವ್ಕಾರನದು, ಯಾವುದು ಡ್ರೈವರನದು ಎಂದು ಹೇಳಲು ಬರುತ್ತಿರಲಿಲ್ಲ.

"ಕಾರ್ ತಗೀರ್ಲೇ. ರಾಯಚೂರ ದವಾಖಾನಿಗಿ ನಡೀರಿ."

"ಕಾರ್ ಹೋಗಾಂಗಿಲ್ರೀ," ಎಂದ ಮೀರಾಹುಸೇನ, ಹಲ್ಲು ಕಚ್ಚಿಕೊಂಡು. "ಅದರ ಎಣ್ಣಿ ನೀವಾ ಬಸದೀರಿ."

ಗೋಪಮ್ಮ ಎರಡು ಒದ್ದೆ ಅರಿವೆ ತಂದಳು. ಒಂದನ್ನು ಮೀರಾಹುಸೇನನ ಕೈಗೆ ಹೊದಿಸಿದಳು. ಇನ್ನೊಂದನ್ನು ಹಿಡಿದು ಸಾವ್ಕಾರನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವನ ಕೈಯನ್ನು ತನ್ನ ಅಂಟಿದ ಬೆರಳುಗಳ ಮೇಲೆ ಇರಿಸಿಕೊಂಡು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಹಾಗೆ ಕೇಳಿದಳು.

"ಕದ್ದವರ ಕೈ ಮಾತ್ರ ಸುಡ್ತದ ಅಂತ ನಿಮ್ಮಪ್ಪಾರು ಹೇಳಿದ್ರು. ನೀವೇನ್ ಕದ್ದಿದ್ರೀ ಯಪ್ಪಾ?"

ಶಂಭುಲಿಂಗಪ್ಪ ಹಮಾಲರ ಕಡೆ ನೋಡಿದ. ಮೊದಲಿನ ಹಾಗೆ ಅಂಜಿ ಗಿರಣಿಯೊಳಗೆ ಸರಿದವನು ಅವರಲ್ಲಿ ಒಬ್ಬನೂ ಇರಲಿಲ್ಲ. ಅವನು ಏನು ಹೇಳುತ್ತಾನೆಂದು ಕೇಳಲು ಎಲ್ಲರೂ ಅಲ್ಲೇ ನಿಂತರು.